ಮೂರನೆಯ ಕವಲು

“ನೋಡ್ರಲೇ, ಏಳನೇತ್ತ ಮುಗಿಸದ ಓಡಿದವ ನನ್ನ ಗುಂಡಿಗಿ ಮಾಡ್ಕೊಂಡು ಬಂದಾನ! ಬೋರಿನ ಮೋಟ್ರು ಸುತ್ತಿದಂಗ ಸುತ್ಯಾನೇನೋ. ಸ್ವಿಚ್ ಒತ್ತಿ ನೋಡ್ರಿ, ನೀರು ಬಂದ್ರೂ ಬಂತು!”

ಮಂಚದ ಸುತ್ತ ನಿಂತವರೆಲ್ಲ ನಕ್ಕರು. ಲಾರಿ ಯಾರ್ಡಿನ ಮ್ಯಾನೇಜರು ನಕ್ಕ. ಕುರುಗೋಡಿನಿಂದ ಬಂದ ನೆಂಟರು ನಕ್ಕರು. ಸಲೈನ್ ಬಾಟಲಿ ಬದಲಿಸುತ್ತಿದ್ದ ನರ್ಸಮ್ಮ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. ನಗದವರು ಇಬ್ಬರೇ. ಒಬ್ಬರು ಡಾಕ್ಟರ್ ಅಕ್ಷತಾ, ಇನ್ನೊಬ್ಬ ಕೈಯಲ್ಲಿ ತಂತಿಯ ಗುಂಡಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು.

ಮಂಚದ ಮೇಲೆ ಮಲಗಿ ಹಾಗೆಂದವನು ಚನ್ನಬಸವರಾಜ. ಕುರುಗೋಡಿನ ಸಾಲೆಯಲ್ಲಿ ಏಳು ವರ್ಷ ನನ್ನ ಪಕ್ಕ ಕೂತವ, ಈಗ ಅದಿರು ಹೊರುವ ನಲವತ್ತು ಲಾರಿಗಳ ಧಣಿ. ಬೇರೆ ದಿನವಾಗಿದ್ದರೆ ಆ ಮಾತಿಗೆ ತಕ್ಕ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನನ್ನ ಬಾಯಿ ಕಟ್ಟಿದ್ದು ಅವನ ಮಾತಿನಿಂದಲ್ಲ, ಅವನ ಮುಖದಿಂದ. ಎರಡು ದಿನ ಕೂತು ನಾನು ಬಾಗಿಸಿದ ಗುಂಡಿಗೆ ಇವನದೆಂದು ನನಗೆ ಗೊತ್ತಿರಲಿಲ್ಲ. ನನಗೆ ಕೊಡುವ ಫೈಲಿನಲ್ಲಿ ಹೆಸರಿರುವುದಿಲ್ಲ, ನಂಬರು ಮತ್ತು ತಾರೀಖು ಅಷ್ಟೇ.

ಆ ತಾರೀಖು ನನಗೆ ಆಗ ನೆನಪಾಯಿತು. ಸಂಕ್ರಾಂತಿಯ ಮಾರನೆಯ ದಿನ.

ನನ್ನ ಕೆಲಸ ಮೋಟರ್ ವೈಂಡಿಂಗ್, ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವುದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸಣ್ಣ ಮಳಿಗೆ. ಹೋದ ವರ್ಷ ಈ ಆಸ್ಪತ್ರೆಯ ಎ.ಸಿ. ಮೋಟರು ಸುಟ್ಟಾಗ ಬಿಚ್ಚಲು ಬಂದಿದ್ದೆ. ಪಕ್ಕದ ಕೋಣೆಯಲ್ಲಿ ಡಾಕ್ಟರ್ ಅಕ್ಷತಾ ಕಂಪ್ಯೂಟರಿನ ಮುಂದೆ ಕೂತು ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಲು ಒದ್ದಾಡುತ್ತಿದ್ದರು. ಒಂದು ಸಿ.ಟಿ. ಸ್ಕ್ಯಾನು. ಅದು ಗುಂಡಿಗೆಯನ್ನು ಬ್ರೆಡ್ಡಿನಂತೆ ನೂರಾರು ತೆಳು ಹೋಳು ಮಾಡಿ ತೋರಿಸುತ್ತದೆ. ರಕ್ತನಾಳದ ಗೋಡೆ ಎಷ್ಟು ದಪ್ಪ, ಆ ಗೋಡೆಯೊಳಗೆ ಏನು ಸೇರಿಕೊಂಡಿದೆ ಎಂಬುದು ಅದರಲ್ಲಿ ಕಾಣುತ್ತದೆ. ಇನ್ನೊಂದು ಆಂಜಿಯೋ. ತೊಡೆಯ ಹತ್ತಿರ ನಳಿಗೆ ತೂರಿಸಿ, ಗುಂಡಿಗೆಯವರೆಗೂ ಒಯ್ದು, ಔಷಧದ ಬಣ್ಣ ಬಿಟ್ಟು ಎಕ್ಸ್‌ರೇ ಹಿಡಿಯುವುದು. ಅದರಲ್ಲಿ ಗೋಡೆ ಕಾಣದು, ರಕ್ತ ಹರಿಯುವ ದಾರಿ ಮಾತ್ರ ಕಾಣುತ್ತದೆ.

“ಒಂದು ಗೋಡಿ ತೋರಸ್ತೈತಿ, ಒಂದು ದಾರಿ ತೋರಸ್ತೈತಿ. ಎರಡೂ ಕೂಡಿದ್ರ ಪೂರಾ ತಿಳೀತೈತಿ. ಆದ್ರ ಪೇಷಂಟಿನ ಮನಿಯವರಿಗೆ ಈ ಪರದಿ ತೋರಿಸಿದ್ರ ತಲಿ ಆಡಸ್ತಾರ, ತಿಳಿಯೂದಿಲ್ಲ” ಎಂದು ತಮ್ಮಷ್ಟಕ್ಕೆ ಬೈದುಕೊಂಡರು.

ನಾನು ಚೀಲದಿಂದ ತುಂಡು ತಂತಿ ತೆಗೆದು, ಪರದೆಯ ಮೇಲಿನ ಎರಡು ಕೋನದ ಚಿತ್ರ ನೋಡುತ್ತ ಬಾಗಿಸಿ ಮೇಜಿನ ಮೇಲಿಟ್ಟೆ. ಅವರು ಅದನ್ನು ತಿರುವಿ ತಿರುವಿ ನೋಡಿದರು.

“ಎಲ್ಲಿ ಕಲ್ತಿ?”

“ಕೌಲ್ ಬಜಾರ್‌ದಾಗ್ರಿ.”

ಅಂದಿನಿಂದ ಹನ್ನೊಂದು ಗುಂಡಿಗೆ ಮಾಡಿದ್ದೇನೆ. ಸಿ.ಟಿ.ಯ ಲೆಕ್ಕಕ್ಕೆ ಕೆಂಪು ತಂತಿ, ಆಂಜಿಯೋದ ಲೆಕ್ಕಕ್ಕೆ ಹಳದಿ. ಎರಡೂ ಜೊತೆಜೊತೆಯಾಗಿ ಕೂತರೆ ಮಾದರಿ ಸರಿಯಾಯಿತೆಂದು ಅರ್ಥ. ಹನ್ನೊಂದೂ ಕೂತಿದ್ದವು. ಈ ಹನ್ನೆರಡನೆಯದು ಕೂರಲಿಲ್ಲ. ಹಳದಿಯಲ್ಲಿ ಎಡಗಡೆಯ ನಾಳ ಎರಡು ಕವಲಾಗುತ್ತಿತ್ತು, ಕೆಂಪಿನಲ್ಲಿ ಮೂರು. ಫೋನು ಮಾಡಿ ಕೇಳಿದೆ.

“ಆ ಮೂರನೇದು ಸಿ.ಟಿ. ತಗದ ಮ್ಯಾಲೆ ಬುಡದಾಗ ಪೂರಾ ಮುಚ್ಚೈತಿ ಅಕ್ರಮ್. ಬಣ್ಣ ಒಳಗ ಹೋಗಿಲ್ಲ, ಅದಕ್ಕ ಆಂಜಿಯೋದಾಗ ಬಂದಿಲ್ಲ. ನೀನು ಹಾಕು” ಎಂದರು.

“ಉಳಿದ ಎರಡು ಕವಲಿನ ಬಾಗೂ ಕೂಡವಲ್ಲವು ಮೇಡಂ.”

“ಬಡಿಯೂ ಗುಂಡಿಗಿ ಅದು. ಅಷ್ಟು ಹೆಚ್ಚುಕಮ್ಮಿ ಇರ್ತೈತಿ.”

ಡಾಕ್ಟರು ಹೇಳಿದರೆಂದು ಒತ್ತಿ ಬಾಗಿಸಿ ಕೂರಿಸಿದೆ. ಕೈ ಬೇಡವೆಂದಿತ್ತು. ನಾನು ಕೈಯ ಮಾತು ಕೇಳಲಿಲ್ಲ.

ಈಗ ಮಂಚದ ಮೇಲೆ ಚನ್ನನನ್ನು ನೋಡಿದ ಮೇಲೆ ತಿಳಿಯಿತು ಎರಡು ತಂತಿ ಯಾಕೆ ಕೂಡಲಿಲ್ಲವೆಂದು. ಹಳದಿ ಅವನದು. ಕೆಂಪು ನನ್ನದು.

ಸಂಕ್ರಾಂತಿಯ ಮಾರನೆಯ ದಿನ ಸ್ಕ್ಯಾನ್ ಸೆಂಟರಿನ ಆ ದೊಡ್ಡ ಬಳೆಯಂಥ ಮೆಷಿನ್ನಿನೊಳಗೆ ಚನ್ನಬಸವರಾಜ ಎಂಬ ಹೆಸರಿನಲ್ಲಿ ಮಲಗಿದ್ದವನು ನಾನು. ಅವನ ಅಪ್ಪ ಉಜ್ಜಿನಪ್ಪ ಎದೆನೋವಿನಿಂದ ಸತ್ತವರು. ಗಣಿ ಕಂಪನಿಯವರು ದೊಡ್ಡ ಗುತ್ತಿಗೆ ಕೊಡಲು ಇನ್ಶೂರೆನ್ಸ್ ಕೇಳಿದ್ದರು, ಇನ್ಶೂರೆನ್ಸಿನವರು ಗುಂಡಿಗೆಯ ಸಿ.ಟಿ. ಕೇಳಿದ್ದರು. ಚನ್ನನಿಗೆ ಆಗಲೇ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಹದಿನೈದು ವರ್ಷ ಇತ್ತ ಸುಳಿಯದವ ನನ್ನ ಮಳಿಗೆಗೆ ಬಂದ, ಹೆಗಲ ಮೇಲೆ ಕೈ ಹಾಕಿದ. “ಇಬ್ಬರ್ದೂ ಒಂದ ವಯಸ್ಸು, ಒಂದ ಎತ್ತರ. ನಿಂದು ಎತ್ತಿನ ಗುಂಡಿಗಿಲೇ ಅಕ್ರಮಾ. ಅರ್ಧ ತಾಸು ಮಲಕ್ಕಂಡು ಎದ್ದು ಬಾ” ಎಂದ. ಆ ಕೈ ಹೆಗಲ ಮೇಲಿತ್ತು ಎಂಬುದೊಂದಕ್ಕೇ ನಾನು ಹೋಗಿ ಮಲಗಿದೆ. ಬರೆಯಲು ನಾಚಿಕೆ, ಆದರೂ ನಿಜ ಅದೇ.

ಡಾಕ್ಟರ್ ಅಕ್ಷತಾ ಮಾದರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎಲ್ಲರಿಗೂ ಹಿಡಿದು ತೋರಿಸಿದರು.

“ನಗಬ್ಯಾಡ್ರಿ, ನೋಡ್ರಿ. ಇಲ್ಲಿ ಮೂರನೇ ಕವಲು. ಇದರ ಬಾಯಿ ಮುಚ್ಚೈತಿ. ಇವರ ನೋವು ಇದರಿಂದನ ಅಂತ ನನ್ನ ಲೆಕ್ಕ. ನಾಳೆ ಒಂಬತ್ತಕ್ಕ ಕೂದಲಿನಂಥ ತಂತಿ ಒಳಗ ಒಯ್ದು, ಆ ಬಾಯಿ ಹುಡುಕಿ ತೆಗೀತೀನಿ. ಇನ್ನೊಂದು ಮಾತು. ಸಿ.ಟಿ. ನಿನ್ನೆ ಕೂತು ಒಂದೊಂದ ಹೋಳು ನೋಡಿದೆ. ಮುಂದಿನ ಈ ನಾಳದಾಗ ದಾರಿ ಸಾಫ್ ಐತಿ, ಆದ್ರ ಗೋಡಿಯೊಳಗ ಮೆತ್ತನ ಕೊಬ್ಬು ತುಂಬೈತಿ. ಮೊದಲು ರಿಪೋರ್ಟ್ ಬರದವರು ದಾರಿ ನೋಡಿ ಸುಮ್ಮನಾಗ್ಯಾರ. ಇಂಥಾ ಗೋಡಿ ಭಾಳ ಕೆಟ್ಟದ್ರಿ. ನೋವು ಇರೂದಿಲ್ಲ, ಏನೂ ಇರೂದಿಲ್ಲ. ಒಂದಿನ ಒಡೀತೈತಿ, ಅಲ್ಲೇ ಮುಗೀತು.”

ಯಾರೂ ನಗಲಿಲ್ಲ. ಚನ್ನನ ಮಾವ ಕೊಟ್ರಬಸಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

ನಾನು ಕೇಳಿದೆ. “ಮೇಡಂ, ಆ ಮೂರನೇ ಕವಲು ಇಲ್ಲದೇ ಇದ್ರ?”

“ಸಿ.ಟಿ.ಯೊಳಗ ಐತಲ್ಲಪ.”

“ಇಲ್ಲ ಅಂತ ತಿಳೀರಿ. ಇಲ್ಲದ ಕಡೆ ಬಾಯಿ ಹುಡುಕಿ ತಂತಿ ಒತ್ತಿದ್ರ ಏನಾಗ್ತೈತಿ?”

“ಗೋಡಿ ಹರೀತೈತಿ” ಎಂದರು ಡಾಕ್ಟರು. “ಅದಕ್ಕ ನಿನ್ನ ಕಡೆ ಮಾದರಿ ಮಾಡ್ಸಿದ್ದು.”

ಊಟದ ಹೊತ್ತಿಗೆ ಎಲ್ಲರೂ ಕೆಳಗಿನ ಕ್ಯಾಂಟೀನಿಗೆ ಇಳಿದರು. ನಾನು ಬಾಗಿಲು ಹಾಕಿ ಮಂಚದ ಹತ್ತಿರ ಬಂದೆ. ಜನರಿದ್ದಾಗ ಅವನನ್ನು ಧಣಿ ಎನ್ನುತ್ತೇನೆ. ಆಗ ಎನ್ನಲಿಲ್ಲ.

“ಚನ್ನ, ಆ ಸಿ.ಟಿ. ನಂದು ಅಂತ ಡಾಕ್ಟ್ರಿಗೆ ಹೇಳಿಬಿಡು.”

ಅವನ ಕಣ್ಣು ಬಾಗಿಲಿಗೆ ಹೋಯಿತು. “ಮೆಲ್ಲಕ ಮಾತಾಡಲೇ. ಲಾರಿ ತೂಗೂ ಕಾಟಾದ ಹತ್ರ ನಾ ಬಿದ್ದಾಗ ನಮ್ಮ ಮಾವ ಇನ್ಶೂರೆನ್ಸ್ ಫೈಲು ತಂದು ಆಕಿ ಕೈಯಾಗ ಕೊಟ್ಟಾನ. ಅವಗೇನು ಗೊತ್ತು? ನನಗ ಎಚ್ಚರ ಆಗೂದ್ರಾಗ ಎಲ್ಲಾ ಆಗಿಹೋಗಿತ್ತು.”

“ಈಗ ಎಚ್ಚರ ಐತೆಲ್ಲ. ಹೇಳು.”

“ಹೇಳಿದ್ರ ಪಾಲಿಸಿ ಹೋತು, ಗುತ್ತಿಗಿ ಹೋತು, ಮ್ಯಾಲೆ ಮೋಸದ ಕೇಸು. ಕೇಸು ನಿನ್ನ ಮ್ಯಾಲೂ ಬೀಳ್ತೈತಿ ತಿಳ್ಕ. ಮಲಗಿದಾವ ನೀನು.”

“ನಾಳಿ ಆಕಿ ಇಲ್ಲದ ಬಾಯಿ ಹುಡುಕ್ತಾಳಲೇ. ಕೇಳಿಸ್ಲಿಲ್ಲೇನು? ಗೋಡಿ ಹರೀತೈತಿ ಅಂದ್ಲು.”

“ಒಳಗ ಹೋದ ಮ್ಯಾಲೆ ಆಕಿಗೇ ಗೊತ್ತಾಗ್ತೈತಿ. ಅಷ್ಟು ಓದಿದಾಕಿ. ನೀ ತಂತಿ ಬಾಗಸೂ ಕೆಲಸ ಮಾಡು, ಸಾಕು.” ಹಣೆಯ ಮೇಲೆ ಬೆವರು ಒಡೆದಿತ್ತು. ಹೆದರಿದ್ದ. ಹೆದರಿದಾಗ ಮನುಷ್ಯ ಇನ್ನಷ್ಟು ಕೆಟ್ಟವನಾಗುತ್ತಾನೆ. “ಆಮ್ಯಾಲೆ, ಏಳನೇತ್ತ ಬಿಟ್ಟವನ ಮಾತು ಯಾರು ನಂಬ್ತಾರ?”

ಹಾಳಾಗಿ ಹೋಗು ಎಂದುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಸಿರುಗುಪ್ಪದಲ್ಲಿ ಅವ್ವ ಇದ್ದಾಳೆ, ಎರಡು ದಿನ ಅಲ್ಲಿದ್ದು ಬಂದರೆ ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಬೇರೇನೂ ಮಾಡಬೇಕಿಲ್ಲ. ಅಷ್ಟು ಸುಲಭವಿತ್ತು.

ಎರಡು ಸಾವಿರದ ಎಂಟನೆಯ ಇಸವಿಯ ಬಳ್ಳಾರಿ ಅದು. ಊರು ದಾಟುವವರೆಗೂ ಅದಿರಿನ ಲಾರಿಗಳು ಬಸ್ಸಿನ ಮೂಗಿಗೆ ಮೂಗು ತಾಗಿಸಿ ನಿಂತಿದ್ದವು. ಅರ್ಧದಷ್ಟರ ಮೇಲೆ ಚನ್ನನ ಅಪ್ಪನ ಹೆಸರು. ಕಿಟಕಿ ಮುಚ್ಚಿದರೂ ಕೆಂಪು ಧೂಳು ಒಳಗೆ ಬಂದು ಸೀಟಿನ ಮೇಲೆ, ಜನರ ಹುಬ್ಬಿನ ಮೇಲೆ ಕೂತಿತು. ಬೆರಳಿನಿಂದ ಸೀಟು ಒರೆಸಿಕೊಳ್ಳುತ್ತಿದ್ದ ನನಗೆ ಇದ್ದಕ್ಕಿದ್ದಂತೆ ಇನ್ನೊಂದು ವಿಷಯ ಹೊಳೆಯಿತು. ಅಷ್ಟು ಹೊತ್ತು ಅದು ತಲೆಗೆ ಹೇಗೆ ಬರಲಿಲ್ಲವೋ ಗೊತ್ತಿಲ್ಲ. ಬಹುಶಃ ತಲೆಯೇ ಬರಗೊಟ್ಟಿರಲಿಕ್ಕಿಲ್ಲ.

ಮೂರನೆಯ ಕವಲು ನನ್ನದಾದರೆ, ಆ ಗೋಡೆಯೂ ನನ್ನದೇ.

ಮೋಟರಿನೊಳಗೆ ಇಂಥದ್ದನ್ನು ನೂರು ಸಲ ನೋಡಿದ್ದೇನೆ. ತಾಮ್ರ ಗಟ್ಟಿಯಿರುತ್ತದೆ, ಕರೆಂಟು ಹರಿಯುತ್ತದೆ, ಮೋಟರು ತಿರುಗುತ್ತದೆ. ತಂತಿಯ ಮೇಲಿನ ವಾರ್ನಿಷ್ ಮಾತ್ರ ಒಳಗೊಳಗೇ ಬೆಂದಿರುತ್ತದೆ. ರೈತ ಬೆಳಿಗ್ಗೆ ಸ್ವಿಚ್ಚು ಒತ್ತುತ್ತಾನೆ, ಟಪ್ಪೆನ್ನುತ್ತದೆ. ನಿನ್ನೆ ಸಂಜೆವರೆಗೂ ಛಲೋ ಇತ್ತಲ್ಲೋ ಎನ್ನುತ್ತ ಹೊತ್ತು ತರುತ್ತಾನೆ.

ಎದೆಯ ಮೇಲೆ ಕೈಯಿಟ್ಟೆ. ಬಡಿಯುತ್ತಿತ್ತು. ಕೈ ತೆಗೆದೆ. ಆಗ ನಮ್ಮಪ್ಪ ದಾವಲಸಾಬನ ನೆನಪಾಯಿತು.

ಅಪ್ಪ ಉಜ್ಜಿನಪ್ಪನವರ ಭತ್ತದ ಲಾರಿ ಓಡಿಸುತ್ತಿದ್ದ. ಆಗಿನ್ನೂ ಅದಿರಿನ ಕಾಲ ಬಂದಿರಲಿಲ್ಲ. ನಾನು ಏಳನೇತ್ತದಲ್ಲಿದ್ದಾಗ ಸಿರುಗುಪ್ಪದ ಹಾದಿಯಲ್ಲಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಸತ್ತ. ಲಾರಿ ರಸ್ತೆಯ ಬದಿಗೆ ನೀಟಾಗಿ ನಿಂತಿತ್ತು, ಬ್ರೇಕು ಹಾಕಿತ್ತು. ಸಾಯುವಾಗಲೂ ಧಣಿಯ ಮಾಲು ಉಳಿಸಿದನೆಂದು ಜನ ಹೊಗಳಿದರು. ಬಿಸಿಲಿಗೆ ಹೋದ ಎಂದರು. ನಾನು ಸಾಲೆ ಬಿಟ್ಟೆ. ಚನ್ನನ ಅಪ್ಪ ಸತ್ತದ್ದಕ್ಕೆ ಇನ್ಶೂರೆನ್ಸಿನವರು ಮಗನ ಗುಂಡಿಗೆ ನೋಡಬೇಕೆಂದರು. ನನ್ನ ಅಪ್ಪ ಯಾಕೆ ಸತ್ತನೆಂದು ಈವರೆಗೆ ಒಬ್ಬರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ.

ಕುರುಗೋಡು ಬಂದಾಗ ಇಳಿದುಬಿಟ್ಟೆ.

ಚನ್ನನ ತಾಯಿ ಗುರುಬಸಮ್ಮ ಪಡಸಾಲೆಯಲ್ಲಿ ಕೂತು ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು, ಮಗನಿಗೆ ಕಳಿಸಲು. ಗಂಡ ಆಸ್ಪತ್ರೆಗೆ ಹೋಗಿ ತಿರುಗಿ ಬರಲಿಲ್ಲವೆಂದು ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

“ಬಾರೋ ಯಪ್ಪಾ ಅಕ್ರಮಾ. ಎಷ್ಟು ವರ್ಷ ಆತೋ! ನನ್ನ ಮಗನ ಗುಂಡಿಗಿ ನೀನ ಮಾಡಿ ಅಂತ. ಈಗರ ಕೊಟ್ರಬಸಪ್ಪ ಫೋನಿನಾಗ ಹೇಳಿದ. ಹೆಂಗೈತೋ?”

ನಾನು ಬೇರೆಯದನ್ನೇ ಕೇಳಿದೆ. “ಯಮ್ಮಾ, ನಮ್ಮಪ್ಪ ಸತ್ತ ದಿನ ನಿಮ್ಮ ಮನಿಯಿಂದನ ಲಾರಿ ತಗೊಂಡು ಹೋಗಿದ್ದಲ್ಲ. ಹೆಂಗಿದ್ದ?”

ವಿಭೂತಿ ಸುತ್ತುವ ಕೈ ನಿಂತಿತು. ಅಂಗಳದ ಕಟ್ಟೆಯ ಕಡೆ ಬೆರಳು ತೋರಿಸಿದರು.

“ಆ ಕಟ್ಟಿ ಮ್ಯಾಲೆ ಕುಂತಿದ್ದ. ಎದಿ ಒತ್ತಿಕೊಂತಿದ್ದ. ‘ಧಣಿ, ಇವತ್ತೊಂದಿನ ಬ್ಯಾರೇದವರನ್ನ ಕಳಸ್ರಿ’ ಅಂದ. ಇವರು, ‘ಗ್ಯಾಸ್ ಆಗಿರ್ತೈತಿ ದಾವಲಾ, ಸೋಡಾ ಕುಡುದು ಹೋಗು, ಮಿಲ್ಲಿನವರು ಕಾಯಾಕತ್ಯಾರ’ ಅಂದ್ರು.” ಸೆರಗು ಬಾಯಿಗೆ ಹೋಯಿತು. “ಸೋಡಾ ನಾನ ತಂದು ಕೊಟ್ಟೆನೋ ಯಪ್ಪಾ. ಕುಡುದ. ಬಾಟ್ಲಿ ತೊಳದು ಇಟ್ಟು ಹೋದ.”

ಅಂಗಳದಲ್ಲಿ ಕೋಳಿಯೊಂದು ಏನನ್ನೋ ಕೆದರುತ್ತಿತ್ತು. ನಾನು ಎದ್ದೆ.

“ಅಕ್ರಮಾ, ನನ್ನ ಮಗ ಉಳಿತಾನಿಲ್ಲೋ?”

“ನಾಳಿ ಗೊತ್ತಾಗ್ತೈತಿ ಯಮ್ಮಾ” ಎಂದೆ.

ಸಿರುಗುಪ್ಪಕ್ಕೆ ಹೋದೆ. ಅವ್ವ ದಾವಲಬೀ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಸತ್ತಾಗ ಅವನಿಗೆ ಎಷ್ಟು ವಯಸ್ಸು ಎಂದು ಕೇಳಿದೆ. ಮೂವತ್ತಾರು ಎಂದಳು. ಯಾಕೆ ಕೇಳಿದಿ ಎಂದಳು. ಸುಮ್ಮನೆ ಎಂದೆ. ನನಗೆ ಇಪ್ಪತ್ತೆಂಟು. ಅವಳು ಹಾಕಿದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ನನ್ನದು ದೊಡ್ಡ ಮನಸ್ಸೆಂದು ಯಾರೂ ತಿಳಿಯಬೇಡಿ. ಸಾಯಲಿ ಎಂದು ಮನಸ್ಸಿನಲ್ಲಿ ನೂರು ಸಲ ಅಂದುಕೊಂಡೆ. ಸೋಡಾದ ಬಾಟಲಿ ಕಣ್ಣ ಮುಂದೆ ನಿಂತೇ ಇತ್ತು. ಅವನು ಸತ್ತರೆ ಆ ಕೆಟ್ಟ ಗೋಡೆಯೂ ಅವನ ಹೆಸರಿನಲ್ಲೇ ಮಣ್ಣಾಗುತ್ತದೆ, ಅದು ನನ್ನದೆಂದು ಯಾರೂ ಹೇಳುವುದಿಲ್ಲ ಎಂಬ ಹುಚ್ಚು ಆಸೆಯೂ ಬಂತು. ಆದರೆ ಒಂದು ಮಾತು ಮನಸ್ಸು ಬಿಟ್ಟು ಹೋಗಲಿಲ್ಲ. ಆ ಮಾದರಿ ನಾನು ಮಾಡಿದ್ದು. ತಪ್ಪು ಮಾಡಿದ್ದು. ತಪ್ಪು ಸುತ್ತಿದ ಮೋಟರಿಗೆ ನಾನು ಈವರೆಗೆ ಕರೆಂಟು ಕೊಟ್ಟವನಲ್ಲ. ನನ್ನ ಹತ್ತಿರ ಇರುವುದು ಅದೊಂದೇ. ಅದನ್ನೂ ಇವನಿಗೆ ಕೊಟ್ಟು ಕೂರಲೇ?

ಬೆಳಗಿನ ಮೊದಲ ಬಸ್ಸು ಹಿಡಿದೆ.

ಎಂಟೂವರೆಗೆ ಚನ್ನನನ್ನು ಗಾಲಿ ಮಂಚದ ಮೇಲೆ ಮಲಗಿಸಿ ಆಪರೇಷನ್ ಬಾಗಿಲ ಮುಂದೆ ತಂದಿದ್ದರು. ಸುತ್ತ ಅದೇ ಜನ. ಡಾಕ್ಟರ್ ಅಕ್ಷತಾ ಹಸಿರು ಬಟ್ಟೆ ಹಾಕಿಕೊಂಡು, ಕೈಯಲ್ಲಿ ನನ್ನ ಮಾದರಿ ಹಿಡಿದು ಇನ್ನೊಮ್ಮೆ ನೋಡುತ್ತಿದ್ದರು. ನಾನು ನೇರ ಹೋಗಿ ಅವರ ಮುಂದೆ ನಿಂತೆ.

“ಮೇಡಂ, ಈ ಮಾದರಿ ತಪ್ಪೈತಿ. ಸಿ.ಟಿ. ಇವರದಲ್ಲ, ನಂದು. ಇನ್ಶೂರೆನ್ಸಿಗೆ ಇವರ ಹೆಸರಿನಾಗ ನಾನು ಮಲಗಿದ್ದೆ. ಇವರಿಗೆ ಮೂರನೇ ಕವಲ ಇಲ್ಲ.”

ಕೊಟ್ರಬಸಪ್ಪ ನನ್ನ ಅಂಗಿಯ ಕಾಲರು ಹಿಡಿದ. “ಯಾವನ್ಲೇ ಇವ? ಶುಭ ಕೆಲಸಕ್ಕ ಹೊಂಟಾಗ ಬಂದು! ಹೊರಗ ಹಾಕ್ರಿ ಇವನ್ನ!”

“ಸುಳ್ಳು ಹೇಳ್ತಾನ್ರಿ ಡಾಕ್ಟ್ರ” ಎಂದ ಚನ್ನ, ಮಲಗಿದಲ್ಲಿಂದಲೇ. ದನಿ ಒಡೆದಿತ್ತು. “ನಿನ್ನೆ ನಾ ಅಂದ ಮಾತಿಗೆ ಸಿಟ್ಟು ತೀರ್ಸಿಕೊಳ್ಳಾಕ ಬಂದಾನ.”

ಡಾಕ್ಟರು ಯಾರ ಕಡೆಯೂ ನೋಡಲಿಲ್ಲ. ತಂತಿಯನ್ನೇ ನೋಡುತ್ತಿದ್ದರು. ನಾನು ಒತ್ತಿ ಬಾಗಿಸಿದ್ದ ಜಾಗದ ಮೇಲೆ ಅವರ ಹೆಬ್ಬೆರಳು ಓಡಾಡಿತು.

“ಫೋನಿನಾಗ ಹೇಳಿದ್ದಿ ನೀನು, ಬಾಗು ಕೂಡವಲ್ಲವು ಅಂತ” ಎಂದರು ಮೆಲ್ಲಗೆ. “ಏನು ಪುರಾವಿ ಐತಿ?”

“ಆ ಸಿ.ಟಿ.ಯೊಳಗ ಎಲುಬು ಕಾಣ್ತಾವೇನ್ರಿ?”

“ಕಾಣ್ತಾವ. ನಾನು ಗುಂಡಿಗಿ ಅಷ್ಟ ಕತ್ತರಿಸಿಕೊಂಡು ಉಳಿದದ್ದು ತಗದಿದ್ದೆ.”

“ಎಡಗಡೆ ಪಕ್ಕೆಲುಬು ನೋಡ್ರಿ. ಒಂದು ಮುರುದು ಕೂಡೈತಿ. ನನಗ ಹನ್ನೊಂದು ವರ್ಷ ಇದ್ದಾಗ ಭತ್ತದ ಲಾರಿ ಮ್ಯಾಲಿಂದ ಇಬ್ಬರೂ ಜಿಗಿದಿದ್ವಿ. ಇವ ನನ್ನ ಮ್ಯಾಲೆ ಬಿದ್ದ.”

ಹೊರಗಿನ ಮೇಜಿನ ಮೇಲೆ ಕಂಪ್ಯೂಟರಿತ್ತು. ಅವರು ಕೂತು ಇಡೀ ಸಿ.ಟಿ. ತೆರೆದು, ಒಂದೊಂದೇ ಹೋಳು ಸರಿಸಿದರು. ಎಲ್ಲರೂ ಬೆನ್ನ ಹಿಂದೆ ಒತ್ತಿ ನಿಂತರು. ಒಂದು ಕಡೆ ಕೈ ನಿಂತಿತು. ಬಿಳಿ ಪಕ್ಕೆಲುಬಿನ ನಡುವೆ ಗೆಣ್ಣಿನಂಥ ಗಂಟು. ಪಕ್ಕದಲ್ಲೇ ಚನ್ನನ ಮೊನ್ನೆಯ ಎದೆಯ ಎಕ್ಸ್‌ರೇ ಹಾಕಿದರು. ಅವನ ಎಲುಬುಗಳೆಲ್ಲ ಬಳೆಯಂತೆ ನುಣುಪಾಗಿದ್ದವು. ಎದ್ದು ಬಂದು ನನ್ನ ಅಂಗಿಯ ಮೇಲಿಂದಲೇ ಎಡಪಕ್ಕೆಯನ್ನು ಎರಡು ಬೆರಳಿನಿಂದ ಮುಟ್ಟಿದರು. ಗಂಟು ಸಿಕ್ಕಿತು.

“ಇವತ್ತಿಂದು ಕ್ಯಾನ್ಸಲ್” ಎಂದರು ನರ್ಸಿಗೆ. “ಇವರಿಗೆ ಹೊಸಾ ಸಿ.ಟಿ. ಮಾಡ್ಸಬೇಕು. ವಾರ್ಡಿಗೆ ಒಯ್ರಿ.” ಆಮೇಲೆ ಚನ್ನನ ಮುಖದ ಮೇಲೆ ಬಾಗಿ, “ನಾನು ಇಲ್ಲದ ಬಾಯಿ ಹುಡುಕಾಕ ಹೊಂಟಿದ್ದೆ. ಗೊತ್ತಿತ್ತೇನು ನಿನಗ?” ಎಂದರು.

ಚನ್ನ ಗೋಡೆಯ ಕಡೆ ಹೊರಳಿದ. ಕೊಟ್ರಬಸಪ್ಪನ ಕೈ ನನ್ನ ಕಾಲರಿನಿಂದ ತಾನಾಗಿ ಇಳಿದಿತ್ತು. ಮ್ಯಾನೇಜರು ಆಗಲೇ ಮೂಲೆಗೆ ಸರಿದು, ಬಾಯಿಗೆ ಕೈ ಅಡ್ಡವಿಟ್ಟು ಯಾರಿಗೋ ಫೋನು ಮಾಡುತ್ತಿದ್ದ. ಪಾಲಿಸಿ, ಕೇಸು ಎಂಬ ಮಾತುಗಳು ಕೇಳಿಸಿದವು.

ನಾನು ಮಾದರಿಯನ್ನು ಕೈಗೆ ತೆಗೆದುಕೊಂಡೆ. ಹಳದಿಯಿಂದ ಕೆಂಪು ತಂತಿಯನ್ನು ಬಿಡಿಸತೊಡಗಿದೆ. ಹಳದಿ ಅವನದು, ಅಲ್ಲಿರಲಿ.

“ಅಕ್ರಮ್” ಎಂದರು ಡಾಕ್ಟರು. ಈಗ ಅವರ ದನಿ ಬೇರೆಯಾಗಿತ್ತು. ಅವರಿಗೂ ಅದು ಹೊಳೆದಿತ್ತು. “ಕೆಂಪು ನಿಂದು ಅಂದ್ರ, ನಿನ್ನೆ ನಾನು ಹೇಳಿದ ಆ ಗೋಡಿ...” ಮಾತು ನಿಲ್ಲಿಸಿದರು. “ಕುಂದ್ರು ಇಲ್ಲಿ. ಇವತ್ತ ಮಾತ್ರಿ ಚಾಲೂ ಮಾಡಬೇಕು. ಎದಿ ಏನರ ನೋಯ್ತೈತೇನು?”

ಕೆಂಪು ತಂತಿ ಬಿಟ್ಟುಬಂತು. ಮೂರು ಕವಲು. ಮುಂದಿನದನ್ನು ಬೆರಳಿನಲ್ಲಿ ಹಿಡಿದೆ. ಗಟ್ಟಿ ತಾಮ್ರ. ಕೆಟ್ಟದ್ದು ಎಲ್ಲಿದೆಯೆಂದು ಬೆರಳಿಗೆ ತಿಳಿಯುವಂತಿರಲಿಲ್ಲ.

“ನಿಮ್ಮ ತಂದಿ ಅದಾರೇನಪ? ಇಲ್ಲಂದ್ರ ಹೆಂಗ ಹೋದ್ರು? ಎಷ್ಟು ವಯಸ್ಸಿಗೆ?”

ಹದಿನೈದು ವರ್ಷದಲ್ಲಿ ಮೊದಲ ಸಲ ಒಬ್ಬರು ಕೇಳಿದ್ದರು. ಎಲ್ಲರೂ ನನ್ನತ್ತ ನೋಡುತ್ತಿದ್ದರು. ಗಾಲಿ ಮಂಚದ ಮೇಲೆ ಚನ್ನ ಕುತ್ತಿಗೆ ತಿರುಗಿಸಿದ. ಅವನ ಕಣ್ಣು ನೋಡಿದಾಗಲೇ ನನಗೆ ತಿಳಿಯಿತು. ಕಟ್ಟೆಯ ಮೇಲೆ ಕೂತ ದಾವಲಸಾಬನನ್ನು ಅವನೂ ಆ ದಿನ ನೋಡಿದ್ದ, ಸಾಲೆಗೆ ಹೊರಟಾಗ. ಅವನಿಗೂ ಗೊತ್ತಿತ್ತು. ಹೇಳುವುದಿದ್ದರೆ ಅವನೇ ಹೇಳಲಿ.

ನಾನು ತಂತಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೆಟ್ಟಿಲಿನ ಕಡೆ ನಡೆದೆ. ಹಿಂದಿನಿಂದ ಡಾಕ್ಟರು ಇನ್ನೊಮ್ಮೆ ಅದನ್ನೇ ಕೇಳಿದರು.